ಬದಲಾಗುತ್ತಿರುವ ಆಟಕ್ಕೆ ಅಂಕ ಕೊಡುವುದು ಯಾವಾಗ?

ಕೇಳುಗರಿಗೆ ನಮಸ್ಕಾರ.

ಮೊದಲನೆಯದು ಗೆದ್ದಿತೆಂದು ಎರಡನೆಯ ಭಾಗ ತೆಗೆದು ಕೈಸುಟ್ಟುಕೊಂಡ ಸಿನಿಮಾಗಳನ್ನು ನೀವೆಲ್ಲ ನೋಡಿದ್ದೀರಿ. ಇವತ್ತು ನಾನು ಮಾತನಾಡಲಿರುವುದು ಒಂದು ವಿಡಿಯೊ ಗೇಮ್‌ನ ಎರಡನೆಯ ಭಾಗದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಮೇಲೆ ಬಂದ ವಿಮರ್ಶೆಗಳ ಬಗ್ಗೆ. ವಿಡಿಯೊ ಗೇಮ್ ಎಂದ ಕೂಡಲೇ ರೇಡಿಯೊ ಆರಿಸಲು ಹೊರಟ ಹಿರಿಯರು ದಯವಿಟ್ಟು ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಯಕ್ಷಗಾನದ ಮಾತೂ ನಡುವೆ ಬರಲಿದೆ.

ಗೇಮ್‌ನ ಹೆಸರು ‘ಹೇಡೀಸ್ 2’. ಮಾಡಿದವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಸೂಪರ್‌ಜೈಂಟ್ ಗೇಮ್ಸ್. ಹೆಸರು ಜೈಂಟ್ ಆದರೂ ಸ್ಟುಡಿಯೊ ಚಿಕ್ಕದು. 2011ರಲ್ಲಿ ‘ಬಾಸ್ಟಿಯನ್’, 2014ರಲ್ಲಿ ‘ಟ್ರಾನ್ಸಿಸ್ಟರ್’, 2017ರಲ್ಲಿ ‘ಪೈರ್’, ಹೀಗೆ ಒಂದರಂತೆ ಇನ್ನೊಂದಿಲ್ಲದ ಆಟಗಳನ್ನು ಮಾಡುತ್ತಾ ಬಂದವರು. 2020ರಲ್ಲಿ ಪೂರ್ಣ ರೂಪದಲ್ಲಿ ಬಂದ ‘ಹೇಡೀಸ್’ ಅವರಿಗೆ ದೊಡ್ಡ ಹೆಸರು ತಂದಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಆಟದ ಪ್ರಶಸ್ತಿ ಬಂತು. ವೈಜ್ಞಾನಿಕ ಕಥೆ, ಕಾದಂಬರಿಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ವಿಡಿಯೊ ಗೇಮ್ ಅದೇ. ಅದುವರೆಗೆ ಯಾವ ಆಟಕ್ಕೂ ಮುಂದಿನ ಭಾಗ ಮಾಡದಿದ್ದ ಸ್ಟುಡಿಯೊ 2022ರ ಡಿಸೆಂಬರ್‌ನಲ್ಲಿ ‘ಹೇಡೀಸ್ 2’ ಎಂದು ಪ್ರಕಟಿಸಿದಾಗ ಸಂತೋಷಪಟ್ಟವರಷ್ಟೇ ಮಂದಿ ಮೂಗು ಮುರಿದಿರಲೂಬಹುದು.

ಇಂಥ ಆಟವನ್ನು ಆ್ಯಕ್ಷನ್ ರೋಗ್‌ಲೈಕ್ ಎನ್ನುತ್ತಾರೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿದ್ಯಾರ್ಥಿಗಳು, ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್, ‘ರೋಗ್’ ಎಂಬ ಆಟ ಬರೆದರು. ಅದರಲ್ಲಿ ಚಿತ್ರಗಳೇ ಇರಲಿಲ್ಲ, ಪರದೆಯ ತುಂಬ ಅಕ್ಷರಗಳು. ನೆಲಮಾಳಿಗೆಯ ಕೋಣೆಗಳು ಪ್ರತಿ ಸಲ ಹೊಸದಾಗಿ ಹುಟ್ಟುತ್ತಿದ್ದವು, ಸತ್ತರೆ ಮೊದಲಿನಿಂದ ಶುರು ಮಾಡಬೇಕಿತ್ತು. ಈ ಎರಡು ನಿಯಮಗಳೇ ಒಂದು ಪರಂಪರೆಯಾಗಿ ಬೆಳೆದವು. ಅದಕ್ಕೆ ಕೈಚಳಕದ ಹೊಡೆದಾಟ ಸೇರಿದರೆ ಆ್ಯಕ್ಷನ್ ರೋಗ್‌ಲೈಕ್.

‘ಹೇಡೀಸ್’ ಮಾಡಿದ ಜಾಣತನವೆಂದರೆ ಸಾವನ್ನೇ ಕಥೆಯ ಭಾಗವಾಗಿಸಿದ್ದು. ನಾಯಕ ಝಾಗ್ರಿಯಸ್ ಗ್ರೀಕ್ ಪುರಾಣದ ಪಾತಾಳಲೋಕದ ರಾಜಕುಮಾರ. ಅಪ್ಪನ ಮನೆಯಿಂದ ಓಡಿಹೋಗಲು ಹವಣಿಸುತ್ತಾನೆ, ಸಾಯುತ್ತಾನೆ, ಸತ್ತವರು ಸೇರುವುದು ಪಾತಾಳವನ್ನೇ ಆದ್ದರಿಂದ ಮತ್ತೆ ಮನೆಗೇ ಬಂದು ಬೀಳುತ್ತಾನೆ. ಅಲ್ಲಿ ಅಪ್ಪ ಗೊಣಗುತ್ತಾನೆ, ಉಳಿದವರು ಹೊಸ ಸುದ್ದಿ ಹೇಳುತ್ತಾರೆ. ಹೀಗಾಗಿ ಸೋತವನಿಗೂ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಎರಡನೆಯ ಭಾಗದಲ್ಲಿ ಅವನ ತಂಗಿ ಮೆಲಿನೋಯಿ ನಾಯಕಿ. ಅಜ್ಜ ಕ್ರೋನೋಸ್, ಅಂದರೆ ಕಾಲದ ದೊರೆ, ಪಾತಾಳವನ್ನು ವಶಪಡಿಸಿಕೊಂಡು ಇಡೀ ಕುಟುಂಬವನ್ನು ಸೆರೆಯಲ್ಲಿಟ್ಟಿದ್ದಾನೆ. ಮೆಲಿನೋಯಿಯನ್ನು ಸಾಕಿ, ಮಂತ್ರವಿದ್ಯೆ ಕಲಿಸಿದವಳು ಹೆಕಟೀ. ಅಣ್ಣ ಮನೆಯಿಂದ ತಪ್ಪಿಸಿಕೊಳ್ಳಲು ಹೋರಾಡಿದರೆ ತಂಗಿಯದು ತಾನು ಕಂಡೇ ಇರದ ಮನೆಯನ್ನು ಮರಳಿ ಪಡೆಯುವ ಹೋರಾಟ. ಆಯುಧಗಳು ಆರು, ದಾರಿಗಳು ಎರಡು. ಒಂದು ಕೆಳಗೆ ಕ್ರೋನೋಸನ ಕಡೆಗೆ, ಇನ್ನೊಂದು ಮೇಲೆ ಒಲಿಂಪಸ್ ಪರ್ವತಕ್ಕೆ. ದಾರಿಯುದ್ದಕ್ಕೂ ಜ್ಯೂಸ್, ಅಪೋಲೊ, ಹೆಸ್ಟಿಯಾ ಮೊದಲಾದ ದೇವತೆಗಳು ವರ ಕೊಡುತ್ತಾರೆ. ಯಾವ ವರದೊಡನೆ ಯಾವುದನ್ನು ಕೂಡಿಸಿದೆ ಎನ್ನುವುದರಲ್ಲಿ ಆಟಗಾರನ ಬುದ್ಧಿ ಕೆಲಸ ಮಾಡುತ್ತದೆ.

2025ರ ಸೆಪ್ಟೆಂಬರ್ 25ರಂದು ಪೂರ್ಣ ಆವೃತ್ತಿ ಬಂದಾಗ ವಿಮರ್ಶಕರು ಮೆಚ್ಚುಗೆಯ ಮಳೆಯನ್ನೇ ಸುರಿಸಿದರು. ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಮೊದಲ ಭಾಗದಂತೆ ಇದೂ ನೂರಕ್ಕೆ 90 ದಾಟಿತು. ಜೆನ್ ಝೀ ಅವರ ಚಿತ್ರಕಲೆ, ಡ್ಯಾರೆನ್ ಕಾರ್ಬ್ ಅವರ ಸಂಗೀತ, ಪಾತ್ರಗಳ ಧ್ವನಿ ಇವನ್ನು ಹೊಗಳದವರಿಲ್ಲ. ಸಂಗೀತಕ್ಕೆ ಸಂದ ಹೊಗಳಿಕೆ ಬರಿದೇ ಅಲ್ಲ. ಸಮುದ್ರದಡಿಯ ಒಂದು ಹಂತದಲ್ಲಿ ಸಿಲ್ಲಾ ಎಂಬ ರಾಕ್ಷಸಿ ತನ್ನ ವಾದ್ಯಗಾರ್ತಿಯರೊಡನೆ ಹಾಡುತ್ತಲೇ ಯುದ್ಧಕ್ಕೆ ಬರುತ್ತಾಳೆ. ವಾದ್ಯಗಾರ್ತಿಯರಲ್ಲಿ ಒಬ್ಬಳನ್ನು ಕೆಡವಿದರೆ ಹಾಡು ನಿಲ್ಲುವುದಿಲ್ಲ, ಅವಳ ವಾದ್ಯದ ದನಿಯಷ್ಟೇ ಅದರಿಂದ ಇಳಿದುಹೋಗುತ್ತದೆ. ಯಾರು ಬಿದ್ದರು ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಯುತ್ತದೆ. ರೇಡಿಯೊ ಕೇಳುವವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಚೇಷ್ಟೆಯನ್ನು ನಾನು ಕಣ್ಣಾರೆ ಕಂಡೆ. ಮಣಿಪಾಲದಲ್ಲಿ ಓದುವ ನನ್ನ ಅಕ್ಕನ ಮಗಳು ರಜೆಗೆ ಉಡುಪಿಯ ಮನೆಗೆ ಬಂದಿದ್ದಾಗ ಕ್ರೋನೋಸನ ಎದುರು ಹೋರಾಡುತ್ತಿದ್ದಳು. ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಆಟವನ್ನು ತಡೆದು ನಿಲ್ಲಿಸಲು ಇವಳು ಗುಂಡಿ ಒತ್ತಿದರೆ ಕ್ರೋನೋಸ್ ನಿಲ್ಲಲು ಬಿಡಲೇ ಇಲ್ಲ! ಕಾಲದ ದೊರೆಯ ಮುಂದೆ ಕಾಲವನ್ನು ನಿಲ್ಲಿಸಲು ನೀನು ಯಾರು ಎನ್ನುವ ಧಾಟಿ. “ಮಾವ, ನೀವೇ ಅಮ್ಮನಿಗೆ ಹೇಳಿ, ಇವನು ಬಿಡುವುದಿಲ್ಲ” ಎಂದಳು. ಹೇಳಿದೆ. ಅಕ್ಕ ನಂಬಲಿಲ್ಲ.

ಆಕ್ಷೇಪಗಳೂ ಬಂದವು. ಗಣಿ ಅಗೆ, ಬೀಜ ಬಿತ್ತು, ಮೀನು ಹಿಡಿ, ಅದನ್ನೆಲ್ಲ ತಂದು ಕಡಾಯಿಗೆ ಹಾಕು ಎನ್ನುವ ಸಂಗ್ರಹದ ಕೆಲಸ ಅತಿಯಾಯಿತು ಎಂದು ಕೆಲವರು ಬರೆದರು. ನನಗೂ ಹಾಗೇ ಅನಿಸಿದೆ. ಮೆಲಿನೋಯಿಗೆ ಅಣ್ಣನ ತುಂಟತನವಿಲ್ಲ, ಸದಾ ಕರ್ತವ್ಯದ ಮುಖ ಎಂಬ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಯುದ್ಧಕ್ಕೆಂದೇ ಬೆಳೆಸಿದ ಹುಡುಗಿ ನಗೆಚಾಟಿಕೆ ಮಾಡುತ್ತಾ ತಿರುಗಬೇಕಿತ್ತೇ?

ಈಗ ಯಕ್ಷಗಾನಕ್ಕೆ ಬರುತ್ತೇನೆ. ಕಟೀಲು ಮೇಳದವರು ಹರಕೆಯ ‘ಶ್ರೀದೇವಿ ಮಹಾತ್ಮೆ’ಯನ್ನು ತಿರುಗಾಟದಲ್ಲಿ ಎಷ್ಟೋ ರಾತ್ರಿ ಆಡುತ್ತಾರೆ. ಅದನ್ನು ನೋಡಿ ವಿಮರ್ಶೆ ಬರೆಯುವವರು ಇಂಥ ಊರಿನಲ್ಲಿ, ಇಂಥ ರಾತ್ರಿ, ಇಂಥವರ ಮಹಿಷಾಸುರ ಹೀಗಿತ್ತು ಎಂದು ಬರೆಯುತ್ತಾರೆ. ನಾಳೆ ಭಾಗವತರು ಬೇರೆ, ವೇಷಧಾರಿ ಬೇರೆ, ಮಾತು ಬೇರೆ. ಆ ವಿಮರ್ಶೆ ಆ ರಾತ್ರಿಗಷ್ಟೇ ಸಲ್ಲುತ್ತದೆ ಎಂಬುದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು.

ವಿಡಿಯೊ ಗೇಮ್ ವಿಮರ್ಶೆಗೆ ಈ ವಿವೇಕ ಇನ್ನೂ ಬಂದಿಲ್ಲ. ‘ಹೇಡೀಸ್ 2’ ಜನರ ಕೈಗೆ ಮೊದಲು ಸಿಕ್ಕಿದ್ದು 2024ರ ಮೇ ತಿಂಗಳಲ್ಲಿ, ಅರ್ಲಿ ಆ್ಯಕ್ಸೆಸ್ ಎಂಬ ಏರ್ಪಾಡಿನಲ್ಲಿ. ಅಂದರೆ ಆಟ ಮುಗಿದಿಲ್ಲ, ಬೇಕಾದವರು ಈಗಲೇ ಹಣ ಕೊಟ್ಟು ಆಡಬಹುದು, ಅವರ ಅಭಿಪ್ರಾಯ ಕೇಳುತ್ತಾ ನಾವು ತಿದ್ದುತ್ತೇವೆ ಎಂಬ ಒಪ್ಪಂದ. ಮೊದಲ ಭಾಗವೂ 2018ರಿಂದ ಹೀಗೆಯೇ ಬೆಳೆದದ್ದು. ಮೇ ತಿಂಗಳ ಆಟದಲ್ಲಿ ಕಥೆಗೆ ಕೊನೆ ಇರಲಿಲ್ಲ. ಮುಂದಿನ ಸುಮಾರು ಒಂದೂವರೆ ವರ್ಷದಲ್ಲಿ ಒಲಿಂಪಸ್ ಪರ್ವತ ಸೇರಿತು, ಆಯುಧ ಸೇರಿತು, ಪಾತ್ರಗಳು ಬಂದವು. ಪೂರ್ಣ ಆವೃತ್ತಿ ಬರುವ ಹೊತ್ತಿಗೆ ಎಷ್ಟೋ ವಿಮರ್ಶಕರು ಇದನ್ನು ಆಡಿ, ಹೊಗಳಿ ಆಗಿತ್ತು. ಹೊಸದಾಗಿ ಅವರು ತೂಗಬೇಕಾಗಿದ್ದುದರಲ್ಲಿ ಮುಖ್ಯವಾದದ್ದು ಕಥೆಯ ಅಂತ್ಯ. ಗಲಾಟೆ ಎದ್ದದ್ದೂ ಅಲ್ಲಿಯೇ.

ಮುಂದೆ ಆಡಬೇಕೆಂದಿರುವವರು ಒಂದು ನಿಮಿಷ ರೇಡಿಯೊ ಸಣ್ಣ ಮಾಡಿಕೊಳ್ಳಿ. ಆಟದುದ್ದಕ್ಕೂ ಮೆಲಿನೋಯಿಯ ಬಳಗದವರ ಬಾಯಲ್ಲಿ ಒಂದೇ ಘೋಷ: ಕ್ರೋನೋಸನಿಗೆ ಸಾವು. ಕೊನೆಗೆ ನೋಡಿದರೆ ಕ್ರೋನೋಸ್ ಸಾಯುವುದಿಲ್ಲ. ಅವನ ಮನಸ್ಸು ತಿರುಗುತ್ತದೆ, ಕುಟುಂಬ ಒಂದಾಗುತ್ತದೆ. ಮನಸ್ಸು ತಿರುಗಿಸುವುದರಲ್ಲಿ ಅಣ್ಣ ಝಾಗ್ರಿಯಸನ ಪಾತ್ರ ದೊಡ್ಡದು. ಇಷ್ಟು ಕಾಲ ಹೋರಾಡಿದವಳು ನಾನು, ಕೊನೆಯ ಗಳಿಗೆಯಲ್ಲಿ ನನ್ನನ್ನು ಬದಿಗೆ ಸರಿಸಿದಿರಿ ಎಂದು ನಾಯಕಿ ಕೇಳಬೇಕಾದ ಪ್ರಶ್ನೆಯನ್ನು ಆಟಗಾರರು ಕೇಳಿದರು. ಮೊದಲ ದಿನದ ವಿಮರ್ಶೆಗಳಲ್ಲಿ ಈ ಅಸಮಾಧಾನ ಸಣ್ಣ ದನಿಯಲ್ಲಿತ್ತು, ವಾರ ಕಳೆದಂತೆ ಜೋರಾಯಿತು. ಅದು ಸಹಜ. ಇಂಥ ಆಟದ ಕೊನೆ ಮುಟ್ಟಲು ಒಂದು ಗೆಲುವು ಸಾಲದು. ಎರಡೂ ದಾರಿಗಳಲ್ಲಿ ಮತ್ತೆ ಮತ್ತೆ ಗೆಲ್ಲಬೇಕು, ಹತ್ತಾರು ಗಂಟೆ ಕೂರಬೇಕು.

ಸ್ಟುಡಿಯೊ ಕೆಲವೇ ವಾರಗಳಲ್ಲಿ ಅಂತ್ಯದ ಭಾಗವನ್ನು ತಿದ್ದಿ ವಿಸ್ತರಿಸಿತು, ಮೆಲಿನೋಯಿಯ ಪಾಲಿಗೆ ಹೆಚ್ಚು ತೂಕ ಬರುವಂತೆ ಮಾಡಿತು. ತಿದ್ದಿದ್ದು ಸರಿಯೇ ಎಂಬ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ಅಜ್ಜ, ಅಪ್ಪ, ಮಕ್ಕಳ ಜಗಳವನ್ನು ಕೊಲೆಯಿಂದ ಮುಗಿಸಬಾರದು ಎಂಬ ಅವರ ಮೂಲ ಯೋಚನೆ ಉಳಿದಿದೆ, ಅದು ನನಗೆ ಒಪ್ಪಿಗೆ. ತಕರಾರು ಇರುವುದು ಅಂಕದ ಬಗ್ಗೆ. ಸೆಪ್ಟೆಂಬರ್‌ನಲ್ಲಿದ್ದ ಕಥೆಯ ಅಂತ್ಯಕ್ಕೆ ಕೊಟ್ಟ ಅಂಕ ಇವತ್ತಿನ ಅಂತ್ಯದ ಮೇಲೆ ಹಾಗೆಯೇ ಕುಳಿತಿದೆ. ಆಗ ಅಂತ್ಯ ಚೆನ್ನಾಗಿಲ್ಲವೆಂದು ಅಂಕ ಕಡಿದವರಿಗೂ ಅನ್ಯಾಯ, ಈಗ ಆ ಅಂಕ ನೋಡಿ ಕೊಳ್ಳುವವರಿಗೂ ಅನ್ಯಾಯ. ಯಾವ ಆವೃತ್ತಿ, ಯಾವ ತಿಂಗಳು, ಕಥೆಯ ಕೊನೆ ಮುಟ್ಟಿ ಬರೆದದ್ದೇ ಅಲ್ಲವೇ ಎಂಬುದನ್ನು ವಿಮರ್ಶೆಯ ತಲೆಯ ಮೇಲೇ ನಮೂದಿಸಿದರೆ ಅರ್ಧ ಗೊಂದಲ ತೀರುತ್ತಿತ್ತು.

ಅದೇ ವರ್ಷ ಡಿಸೆಂಬರ್‌ನ ಗೇಮ್ ಅವಾರ್ಡ್ಸ್‌ನಲ್ಲಿ ‘ಹೇಡೀಸ್ 2’ಕ್ಕೆ ಅತ್ಯುತ್ತಮ ಆ್ಯಕ್ಷನ್ ಆಟದ ಪ್ರಶಸ್ತಿ ಸಿಕ್ಕಿತು. ವರ್ಷದ ಆಟ ಎಂಬ ದೊಡ್ಡ ಪ್ರಶಸ್ತಿ ಫ್ರಾನ್ಸಿನ ಹೊಸ ಸ್ಟುಡಿಯೊ ಒಂದರ ಚೊಚ್ಚಲ ಆಟದ ಪಾಲಾಯಿತು.

ಆಡಿ ನೋಡುವ ಮನಸ್ಸಿದ್ದವರು ಮೊದಲ ಭಾಗದಿಂದಲೇ ಆರಂಭಿಸಿ. ಅಣ್ಣನನ್ನು ಬಲ್ಲವರಿಗೆ ತಂಗಿಯ ಕಥೆ ಹೆಚ್ಚು ತಾಗುತ್ತದೆ. ಬೆರಳು ಚುರುಕಿಲ್ಲ ಎಂದು ಹೆದರಬೇಕಿಲ್ಲ. ಎರಡರಲ್ಲೂ ಗಾಡ್ ಮೋಡ್ ಎಂಬ ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ ಪ್ರತಿ ಸಲ ಸತ್ತಾಗಲೂ ಮುಂದಿನ ಸಲ ನಿಮಗೆ ತಗಲುವ ಏಟಿನ ಬಲ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋಗುತ್ತದೆ. ನಾಚಿಕೆ ಬೇಡ, ನಾನೂ ಹಾಕಿಕೊಂಡೇ ಆಡಿದ್ದು.

ನಮಸ್ಕಾರ.