ದನಿ ಮಾತ್ರ ಉಳಿದ ರಾತ್ರಿಗಳು

ಕೇಳುಗರೇ, ನಮಸ್ಕಾರ.

1962ರ ಅಕ್ಟೋಬರ್ 1. ನ್ಯೂಯಾರ್ಕ್ ನಗರ. ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ಜನ ಟಿವಿ ಮುಂದೆ ಕೂತಿದ್ದಾರೆ. ರಾತ್ರಿ ಹನ್ನೊಂದೂಕಾಲು ದಾಟಿದೆ. ಎನ್‌ಬಿಸಿ ಎಂಬ ಟಿವಿ ಚಾನೆಲ್ಲಿನ ಸ್ಟುಡಿಯೊದಲ್ಲಿ ಗ್ರೌಚೊ ಮಾರ್ಕ್ಸ್ ಎಂಬ ಹಿರಿಯ ಹಾಸ್ಯನಟರು ಮೈಕಿನ ಮುಂದೆ ನಿಂತು 'ಟುನೈಟ್' ಎಂಬ ರಾತ್ರಿ ಹರಟೆ ಕಾರ್ಯಕ್ರಮದ ಹೊಸ ನಿರೂಪಕನನ್ನು ಪರಿಚಯ ಮಾಡಿಕೊಡುತ್ತಾರೆ. ಹೊಸಬರ ಹೆಸರು ಜಾನಿ ಕಾರ್ಸನ್. ವಯಸ್ಸು 36. ಆ ರಾತ್ರಿಯ ಅತಿಥಿಗಳಲ್ಲಿ ನಟಿ ಜೋನ್ ಕ್ರಾಫರ್ಡ್ ಇದ್ದರು, ಗಾಯಕ ಟೋನಿ ಬೆನೆಟ್ ಇದ್ದರು, ಹಾಸ್ಯನಟ ಮೆಲ್ ಬ್ರೂಕ್ಸ್ ಇದ್ದರು. ಅಲ್ಲಿಂದ ಮುಂದೆ ಮೂವತ್ತು ವರ್ಷ ಕಾರ್ಸನ್ ಆ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಮೊದಲ ರಾತ್ರಿಯನ್ನು ಇವತ್ತು ನೋಡೋಣ ಅಂದರೆ ಆಗುವುದಿಲ್ಲ. ಚಿತ್ರ ಇಲ್ಲ. ಕೆಲವು ಫೋಟೋಗಳಿವೆ, ಮತ್ತೆ ದನಿ ಇದೆ. ಗ್ರೌಚೊ ಮಾತಾಡುವುದು ಕೇಳುತ್ತದೆ, ಚಪ್ಪಾಳೆ ಕೇಳುತ್ತದೆ, ಹೊಸಬನ ಮೊದಲ ಜೋಕುಗಳು ಕೇಳುತ್ತವೆ. ಮುಖ ಕಾಣುವುದಿಲ್ಲ. ರೇಡಿಯೊದ ಮುಂದೆ ಬೆಳೆದ ನನಗೆ ಇದು ತುಂಬ ಹತ್ತಿರದ ಅನುಭವ ಅನಿಸಿತು. ಟಿವಿಯ ಅತಿ ದೊಡ್ಡ ಕಾರ್ಯಕ್ರಮವೊಂದು ಕೊನೆಗೆ ನಮ್ಮ ಬಾನುಲಿಯ ಹಾಗೆ ಬರೀ ದನಿಯಾಗಿ ಉಳಿದಿದೆ.

ಚಿತ್ರ ಎಲ್ಲಿ ಹೋಯಿತು? ಒರೆಸಿಹಾಕಿದರು. ಆಗ ಟಿವಿಯ ಟೇಪು ಎರಡು ಇಂಚು ಅಗಲ ಇರುತ್ತಿತ್ತು, ಬೆಲೆ ಜಾಸ್ತಿ. ಒಂದು ಕಾರ್ಯಕ್ರಮ ಪ್ರಸಾರ ಆದಮೇಲೆ ಅದೇ ಟೇಪಿನ ಮೇಲೆ ಇನ್ನೊಂದನ್ನು ತುಂಬಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಮಕ್ಕಳು ಸ್ಲೇಟು ಒರೆಸಿ ಮತ್ತೆ ಬರೆಯುವ ಹಾಗೆ. ರಾತ್ರಿಯ ಹರಟೆ ಬೆಳಗಾದರೆ ಯಾರಿಗೆ ಬೇಕು ಅನ್ನುವುದು ಅವರ ಲೆಕ್ಕ. ಹೀಗೆ ಕಾರ್ಸನ್ ಅವರ ಮೊದಲ ಹತ್ತು ವರ್ಷದ ಸಂಚಿಕೆಗಳಲ್ಲಿ ಹೆಚ್ಚಿನವು ಹೋದವು. ಆಮೇಲಿನ ವರ್ಷಗಳ ಟೇಪುಗಳನ್ನು ಮಾತ್ರ ಜೋಪಾನವಾಗಿ ಇಟ್ಟರು. ಎಲ್ಲಿ ಗೊತ್ತಾ? ಕಾನ್ಸಾಸ್ ರಾಜ್ಯದ ಒಂದು ಉಪ್ಪಿನ ಗಣಿಯಲ್ಲಿ. ನೆಲದಿಂದ ನೂರಾರು ಅಡಿ ಕೆಳಗೆ. ಅಲ್ಲಿ ಗಾಳಿ ಒಣಗಿರುತ್ತದೆ, ಸೆಕೆಯೂ ಚಳಿಯೂ ಹೆಚ್ಚು ಕಡಿಮೆ ಆಗುವುದಿಲ್ಲ. ನಮ್ಮ ಅಜ್ಜಿಯರು ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಇಡುತ್ತಿದ್ದರಲ್ಲ, ಅದೇ ನೆನಪಾಯಿತು.

ಈ 'ಟುನೈಟ್' ಕಾರ್ಯಕ್ರಮ ಕಾರ್ಸನ್‌ಗಿಂತ ಹಳೆಯದು. ಎನ್‌ಬಿಸಿ ಇದನ್ನು ದೇಶಕ್ಕೆಲ್ಲ ತೋರಿಸಲು ಶುರು ಮಾಡಿದ್ದು 1954ರ ಸೆಪ್ಟೆಂಬರ್‌ನಲ್ಲಿ. ಮೊದಲ ನಿರೂಪಕ ಸ್ಟೀವ್ ಆಲನ್. ಪಿಯಾನೊ ನುಡಿಸುತ್ತ, ಸಭಿಕರ ಜೊತೆ ಮಾತಾಡುತ್ತ ನಡೆಸುತ್ತಿದ್ದರು. ಅವರ ನಂತರ 1957ರಲ್ಲಿ ಜ್ಯಾಕ್ ಪಾರ್ ಬಂದರು. ಮೇಜು, ಪಕ್ಕದಲ್ಲಿ ಕುರ್ಚಿ, ಒಬ್ಬ ಅತಿಥಿ, ಒಂದಿಷ್ಟು ಮಾತು. ಅದು ನೆಲೆಯೂರಿದ್ದು ಪಾರ್ ಕಾಲದಲ್ಲಿ.

ಪಾರ್ ಸೂಕ್ಷ್ಮ ಮನಸ್ಸಿನವರು. 1960ರ ಫೆಬ್ರವರಿಯಲ್ಲಿ ಅವರು ಒಂದು ಜೋಕು ಹೇಳಿದರು. 'ಡಬ್ಲ್ಯು ಸಿ' ಎಂಬ ಎರಡು ಅಕ್ಷರಗಳನ್ನು ಒಬ್ಬರು ಪಾಯಿಖಾನೆ ಎಂದು ಬರೆದರೆ ಇನ್ನೊಬ್ಬರು ಚರ್ಚು ಎಂದು ತಿಳಿಯುವ ಕಥೆ. ಇವತ್ತು ಮಕ್ಕಳ ಮುಂದೆ ಹೇಳಿದರೂ ಏನೂ ಆಗುವುದಿಲ್ಲ. ಎನ್‌ಬಿಸಿಯವರು ಅವರನ್ನು ಕೇಳದೆಯೇ ಅದನ್ನು ಕತ್ತರಿಸಿ ತೆಗೆದರು. ಮರುದಿನ ಪಾರ್ ಬಂದರು, ತಮಗಾದ ನೋವನ್ನು ಜನರ ಮುಂದೆ ಹೇಳಿಕೊಂಡರು, ಕಾರ್ಯಕ್ರಮವನ್ನು ಅಲ್ಲಿಗೇ ಬಿಟ್ಟು ಹೊರಟುಹೋದರು. ಉಳಿದ ಹೊತ್ತನ್ನು ಜೊತೆಗಿದ್ದ ಹ್ಯೂ ಡೌನ್ಸ್ ಹೇಗೋ ನಡೆಸಿದರು. ಮಾರ್ಚ್ 7ಕ್ಕೆ ಪಾರ್ ವಾಪಸ್ ಬಂದರು. ನಾನು ಹೇಳುತ್ತಿದ್ದಾಗ ನಡುವೆ ಮಾತು ನಿಂತಿತ್ತಲ್ಲ ಎನ್ನುತ್ತಲೇ ಶುರು ಮಾಡಿದರು.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ನೆಬ್ರಾಸ್ಕಾ ಕಡೆಯ ಒಬ್ಬ ಹುಡುಗ ನ್ಯೂಯಾರ್ಕಿನ ಒಂದು ಪತ್ರಿಕೆಯ ಆಫೀಸಿನಲ್ಲಿ ಕಾಗದ ಪತ್ರ ಒಯ್ದು ಕೊಡುವ ಕೆಲಸದಲ್ಲಿದ್ದ. ಪಾರ್ ಅವರಿಗೆಂದು ಒಂದಷ್ಟು ಜೋಕು ಬರೆದ. ಪತ್ರಿಕೆಯ ಹೆಸರಿದ್ದ ಲಕೋಟೆಯಲ್ಲಿ ಹಾಕಿಕೊಂಡು ಎನ್‌ಬಿಸಿಯ ಕಟ್ಟಡಕ್ಕೆ ಹೋದ. ಪಾರ್ ಎದುರು ಸಿಕ್ಕಾಗ ಕೈಗೆ ಕೊಟ್ಟ. ಆ ರಾತ್ರಿ ಅವನು ಬರೆದ ಮಾತು ಟಿವಿಯಲ್ಲಿ ಬಂತು. ಆಮೇಲೆ ಕೆಲಸವೂ ಸಿಕ್ಕಿತು. ಆ ಹುಡುಗನೇ ಡಿಕ್ ಕ್ಯಾವೆಟ್. ಮುಂದೆ ಎಬಿಸಿ ಚಾನೆಲ್ಲಿನಲ್ಲಿ ಕಾರ್ಸನ್‌ಗೆ ಎದುರಾಗಿ ಅದೇ ಹೊತ್ತಿನಲ್ಲಿ ತನ್ನದೇ ಕಾರ್ಯಕ್ರಮ ನಡೆಸಿದವರು.

ಕಾರ್ಸನ್ ಕೂಡ ನೆಬ್ರಾಸ್ಕಾದಲ್ಲೇ ಬೆಳೆದವರು. ಹುಡುಗನಾಗಿದ್ದಾಗ ಇಂದ್ರಜಾಲ ಮಾಡುತ್ತಿದ್ದರು. 'ದಿ ಗ್ರೇಟ್ ಕಾರ್ಸೋನಿ' ಎಂದು ಹೆಸರು ಇಟ್ಟುಕೊಂಡಿದ್ದರು. ಲಿಂಕನ್ ಎಂಬ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಅವರ ಆಟ ನೋಡಲು ಹೋದ ಮಕ್ಕಳಲ್ಲಿ ಪುಟ್ಟ ಕ್ಯಾವೆಟ್ ಕೂಡ ಒಬ್ಬ. ಅವನಿಗೂ ಇಂದ್ರಜಾಲದ ಹುಚ್ಚು. ಇವರಿಬ್ಬರೂ ಮುಂದೆ ಅಮೆರಿಕದ ರಾತ್ರಿಗಳನ್ನು ಹಂಚಿಕೊಂಡರು ಅಂತ ನೆನೆದರೆ ನನಗೆ ಖುಷಿಯಾಗುತ್ತದೆ.

ಕ್ಯಾವೆಟ್ ತಮ್ಮ ಕಾರ್ಯಕ್ರಮ ಶುರು ಮಾಡುವಾಗ ಪಾರ್ ಒಂದು ಬುದ್ಧಿಮಾತು ಹೇಳಿದ್ದರಂತೆ. ಸಂದರ್ಶನ ಮಾಡಬೇಡ, ಮಾತುಕತೆ ಮಾಡು ಅಂತ. ಬರೆದುಕೊಂಡ ಪ್ರಶ್ನೆ ಕೇಳುತ್ತ ಹೋದರೆ ಅದು ಸಂದರ್ಶನ. ಎದುರಿಗಿದ್ದವರು ಹೇಳಿದ ಕೊನೆಯ ಮಾತಿನಿಂದ ಮುಂದಿನ ಮಾತು ಹುಟ್ಟಿದರೆ ಮಾತುಕತೆ. ಅದಕ್ಕೆ ಮೊದಲು ಬೇಕಾದ್ದು ಕಿವಿ.

ನಾನು ಈ ಹಳೆಯ ತುಣುಕುಗಳನ್ನು ನೋಡಿದ್ದು ತುಂಬ ತಡವಾಗಿ, ಯೂಟ್ಯೂಬಿನಲ್ಲಿ. ಮೊದಲು ನನ್ನನ್ನು ಹಿಡಿದದ್ದು ಜೋಕು ಅಲ್ಲ, ನಡುವಿನ ಮೌನ. ಅತಿಥಿ ಯೋಚನೆ ಮಾಡುತ್ತಾರೆ. ನಿರೂಪಕ ಕಾಯುತ್ತಾರೆ. ಯಾರೂ ಬಾಯಿ ಹಾಕುವುದಿಲ್ಲ. 1973ರಲ್ಲಿ ಕ್ಯಾವೆಟ್ ಜೊತೆ ನಟಿ ಕ್ಯಾಥರೀನ್ ಹೆಪ್‌ಬರ್ನ್ ಮಾತಾಡಿದ್ದನ್ನು ನೋಡಿ. ಆಕೆ ಟಿವಿಯಲ್ಲಿ ಇಂಥ ಮಾತುಕತೆಗೆ ಕೂತವರೇ ಅಲ್ಲ. ಸ್ಟುಡಿಯೊ ಹೇಗಿದೆ ಅಂತ ಸುಮ್ನೆ ನೋಡಿ ಹೋಗಲು ಬಂದರು. ನೆಲದ ಕಾರ್ಪೆಟ್ಟು ಸರಿಯಿಲ್ಲ ಅಂದರು, ಮೇಜು ಸರಿಯಿಲ್ಲ ಅಂದರು. ಆಮೇಲೆ, ಈಗಲೇ ಯಾಕೆ ಶುರು ಮಾಡಬಾರದು ಅಂತ ಕೂತೇಬಿಟ್ಟರು. ಸಭಿಕರಿಲ್ಲ, ಕೆಲಸಗಾರರು ಮಾತ್ರ ಇದ್ದರು. ಅದೃಷ್ಟಕ್ಕೆ ಕ್ಯಾಮೆರಾ ಓಡುತ್ತಿತ್ತು. ಎರಡು ರಾತ್ರಿ ತೋರಿಸುವಷ್ಟು ಮಾತು ಸಿಕ್ಕಿತು.

1971ರ ನವೆಂಬರ್‌ನಲ್ಲಿ 'ಬೀಟಲ್ಸ್' ಗುಂಪಿನಲ್ಲಿದ್ದ ಗಾಯಕ ಜಾರ್ಜ್ ಹ್ಯಾರಿಸನ್ ಬಂದಾಗ ಕ್ಯಾವೆಟ್ ಅವರ ಅದೇ ಕಾರ್ಯಕ್ರಮಕ್ಕೆ ನಮ್ಮ ಸಿತಾರ್ ವಾದಕ ರವಿಶಂಕರ್ ಕೂಡ ಬಂದರು. ಆ ವರ್ಷದ ಆಗಸ್ಟ್‌ನಲ್ಲಿ ಇಬ್ಬರೂ ಸೇರಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಸಂಗೀತ ಕಛೇರಿ ನಡೆಸಿದ್ದರು. ಗಡಿ ದಾಟಿ ಲಕ್ಷಾಂತರ ಜನ ಭಾರತಕ್ಕೆ ಬರುತ್ತಿದ್ದ ಕಾಲ ಅದು. ಅಷ್ಟು ದೂರದ ಸಂಕಟದ ಮಾತು ಅಮೆರಿಕದ ಮಲಗುವ ಕೋಣೆಗಳಿಗೆ ಹೋಗಿ ಮುಟ್ಟಿತು.

ಕಾರ್ಸನ್ ಕಾಯುವ ರೀತಿಯೇ ಬೇರೆ. 1965ರಲ್ಲಿ ಎಡ್ ಏಮ್ಸ್ ಎಂಬ ನಟ, ಕೈಗೊಡಲಿ ಎಸೆಯುವುದು ಹೇಗೆ ಅಂತ ತೋರಿಸಲು ಬಂದರು. ಹಲಗೆಯ ಮೇಲೆ ಒಬ್ಬ ಮನುಷ್ಯನ ಚಿತ್ರ ಬರೆದಿತ್ತು. ಎಸೆದ ಕೊಡಲಿ ಹೋಗಿ ನಾಟಿದ್ದು ಹೇಳಲು ಸಂಕೋಚ ಆಗುವ ಜಾಗದಲ್ಲಿ. ಸಭೆ ಹೋ ಎಂದು ನಕ್ಕಿತು. ನಾಚಿಕೆಯಿಂದ ಏಮ್ಸ್ ಅದನ್ನು ಕೀಳಲು ಹೊರಟರು. ಕಾರ್ಸನ್ ಅವರ ತೋಳು ಹಿಡಿದು ನಿಲ್ಲಿಸಿಕೊಂಡರು. ಏನೂ ಮಾತಾಡಲಿಲ್ಲ. ನಗು ಇಳಿಯುವ ತನಕ ಸುಮ್ಮನಿದ್ದು, ಆಮೇಲೆ ಒಂದೇ ಒಂದು ಮಾತು ಹೇಳಿದರು. ಮತ್ತೆ ನಗು ಎದ್ದಿತು. ಅಳಿಸಿಹೋದ ಆ ಹತ್ತು ವರ್ಷದಲ್ಲಿ ಉಳಿದುಕೊಂಡ ಕೆಲವೇ ತುಣುಕುಗಳಲ್ಲಿ ಇದೂ ಒಂದು.

1981ರಲ್ಲಿ ಹಿರಿಯ ನಟ ಜಿಮ್ಮಿ ಸ್ಟುವರ್ಟ್ ಬಂದರು. ತಾವೇ ಬರೆದ ಪದ್ಯ ಓದಿದರು. ತೀರಿಹೋದ ತಮ್ಮ ನಾಯಿಯ ಬಗ್ಗೆ. ಮೊದಲ ಸಾಲುಗಳಿಗೆ ಜನ ನಕ್ಕರು, ಮಾತು ಕೇಳದ ತುಂಟ ನಾಯಿ ಅದು. ಓದುತ್ತ ಓದುತ್ತ ಮುದುಕರ ದನಿ ಗದ್ಗದವಾಯಿತು. ಕ್ಯಾಮೆರಾ ಕಾರ್ಸನ್ ಕಡೆ ತಿರುಗಿದಾಗ ಅವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಸಾಕಿದ ನಾಯಿ ಸತ್ತ ವರ್ಷ ನಾನು ಇದನ್ನು ನೋಡಿದೆ. ಭಾಷೆ ಬೇರೆ, ದೇಶ ಬೇರೆ, ನಾಯಿಯ ಮೇಲಿನ ಪ್ರೀತಿ ಒಂದೇ, ಅಲ್ವಾ?

ಕಾರ್ಸನ್‌ಗೆ ನಕ್ಷತ್ರ ನೋಡುವ ಹವ್ಯಾಸ ಇತ್ತು. ಮನೆಯಲ್ಲಿ ದೂರದರ್ಶಕ ಇಟ್ಟುಕೊಂಡಿದ್ದರು. ಅದಕ್ಕೇ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರನ್ನು ಮತ್ತೆ ಮತ್ತೆ ಕರೆದರು. ಸಿನಿಮಾ ನಟಿಯ ಪಕ್ಕದ ಸೋಫಾದಲ್ಲಿ ಒಬ್ಬ ಮೇಷ್ಟ್ರು ಕೂತು ಗ್ರಹ ತಾರೆಗಳ ವಿಷಯ ಹೇಳುವುದು. ಆಮೇಲೆ ಅತಿಥಿಗಳು ಎದ್ದು ಹೋಗುತ್ತಿರಲಿಲ್ಲ, ಒಂದೊಂದೇ ಜಾಗ ಸರಿದು ಕೂತು ಮುಂದಿನವರ ಮಾತು ಕೇಳುತ್ತಿದ್ದರು. ನಮ್ಮ ಹಳ್ಳಿಕಟ್ಟೆಯಲ್ಲಿ ಹೊಸಬರು ಬಂದಾಗ ಸರಿದು ಜಾಗ ಕೊಡುತ್ತಾರಲ್ಲ, ಹಾಗೆ. ಮೊದಮೊದಲು ಕಾರ್ಯಕ್ರಮ 105 ನಿಮಿಷ ಇತ್ತು. ಆಮೇಲೆ 90 ಆಯಿತು. 1980ರಲ್ಲಿ 60ಕ್ಕೆ ಇಳಿಯಿತು. ಆ ಮೊದಲಿನ ಉದ್ದನೆಯ ರಾತ್ರಿಗಳೇ ನನಗೆ ಇಷ್ಟ. ಹೊತ್ತು ಇದ್ದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಈಗ ನನ್ನ ಮನಸ್ಸನ್ನು ಹೆಚ್ಚು ಕಲಕಿದ ಒಂದು ವಾರದ ವಿಷಯ ಹೇಳುತ್ತೇನೆ.

1968ರ ಫೆಬ್ರವರಿ. ಕಾರ್ಸನ್ ರಜೆ ಹಾಕಿ, ಒಂದು ವಾರ ತಮ್ಮ ಕುರ್ಚಿಯನ್ನು ಹ್ಯಾರಿ ಬೆಲಫೊಂಟೆ ಅವರಿಗೆ ಬಿಟ್ಟುಕೊಟ್ಟರು. ಬೆಲಫೊಂಟೆ ಕಪ್ಪು ಜನಾಂಗದ ಹೆಸರಾಂತ ಗಾಯಕ, ನಾಗರಿಕ ಹಕ್ಕುಗಳ ಹೋರಾಟಗಾರ. ಆ ಕಾಲದಲ್ಲಿ ಕಪ್ಪು ಮನುಷ್ಯನೊಬ್ಬ ಇಡೀ ವಾರ ಅಂಥ ಕುರ್ಚಿಯಲ್ಲಿ ಕೂರುವುದೇ ದೊಡ್ಡ ಮಾತು. ಅವರು ಕರೆದ ಅತಿಥಿಗಳಲ್ಲಿ ಹೆಚ್ಚಿನವರು ಕಪ್ಪು ಜನರೇ. ರಾಜಕಾರಣಿ ರಾಬರ್ಟ್ ಕೆನಡಿ ಬಂದರು. ಮಾರ್ಟಿನ್ ಲೂಥರ್ ಕಿಂಗ್ ಬಂದರು. ಗಾಂಧಿಯ ನಾಡು ನೋಡಬೇಕೆಂದು 1959ರಲ್ಲಿ ಭಾರತಕ್ಕೆ ಬಂದು, ನಮ್ಮ ಬೆಂಗಳೂರಿಗೂ ಬಂದುಹೋದ ಅದೇ ಕಿಂಗ್.

ಕಿಂಗ್ ಅವರ ವಿಮಾನ ತಡವಾಗಿತ್ತು. ಯಂತ್ರ ಕೆಟ್ಟಿತ್ತಂತೆ. ಬಂದು ಕೂತವರೇ ಅದನ್ನೇ ತಮಾಷೆ ಮಾಡಿದರು. ನಾನು ಚರ್ಚಿನ ಬೋಧಕ, ಆಕಾಶದಲ್ಲಿ ದೇವರ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಆದರೆ ನೆಲದ ಮೇಲೆ ಅವನ ಜೊತೆ ನನಗೆ ಅನುಭವ ಜಾಸ್ತಿ ಎನ್ನುವ ಅರ್ಥದ ಮಾತು. ಸಭೆ ನಕ್ಕಿತು. ವೇದಿಕೆಯ ಮೇಲೆ ಗುಡುಗುವ ಕಿಂಗ್ ಅವರನ್ನು ನಾವೆಲ್ಲ ಕೇಳಿದ್ದೇವೆ. ಹೀಗೆ ಸೋಫಾದ ಮೇಲೆ ಕೂತು ನಗಿಸುವ ಕಿಂಗ್ ನನಗೆ ಹೊಸಬರು. ಆಮೇಲೆ ಬೆಲಫೊಂಟೆ ಮೆಲ್ಲಗೆ ಕೇಳಿದರು, ಪ್ರಾಣಭಯ ಇಲ್ಲವೇ ಅಂತ. ಎಷ್ಟು ದಿನ ಬದುಕಿದೆವು ಅನ್ನುವುದು ಮುಖ್ಯವಲ್ಲ, ಎಷ್ಟು ಚೆನ್ನಾಗಿ ಬದುಕಿದೆವು ಅನ್ನುವುದೇ ಮುಖ್ಯ ಎಂದರು ಕಿಂಗ್. ಎರಡು ತಿಂಗಳೂ ತುಂಬಲಿಲ್ಲ. ಏಪ್ರಿಲ್ 4ರಂದು ಅವರನ್ನು ಗುಂಡಿಟ್ಟು ಕೊಂದರು. ಜೂನ್‌ನಲ್ಲಿ ಕೆನಡಿಯನ್ನು ಕೊಂದರು.

ಕಿಂಗ್ ಮತ್ತು ಕೆನಡಿ ಬೆಲಫೊಂಟೆ ಜೊತೆ ಆಡಿದ ಮಾತುಕತೆಗಳ ಚಿತ್ರ ಉಳಿದಿದೆ. ಆ ವಾರದ ಉಳಿದದ್ದರಲ್ಲಿ ಹೆಚ್ಚಿನದೆಲ್ಲ ಟೇಪಿನಿಂದ ಅಳಿಸಿಹೋಗಿದೆ. ಎಂಥ ವಾರ ಅದು! ಅದರ ಮೇಲೆ ಏನು ತುಂಬಿಕೊಂಡರೋ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರ್ಸನ್ ಕೊನೆಯ ದಿನಗಳಿಗೆ ಬರೋಣ. 1992ರ ಮೇ 21. ಅವರ ಕಟ್ಟಕಡೆಯ ಅತಿಥಿಗಳು ಬಂದ ರಾತ್ರಿ. ರಾಬಿನ್ ವಿಲಿಯಮ್ಸ್ ಬಂದು ನಗಿಸಿ ಹೋದರು. ಆಮೇಲೆ ಗಾಯಕಿ ಬೆಟ್ ಮಿಡ್ಲರ್. ಮಾತಿನ ನಡುವೆ ಕಾರ್ಸನ್‌ಗೆ ಇಷ್ಟವಾದ ಹಳೆಯ ಹಾಡಿನ ಪ್ರಸ್ತಾಪ ಬಂತು. ಆಕೆ ಗುನುಗಿದರು, ಮೇಜಿನ ಹಿಂದೆ ಕೂತಿದ್ದ ಕಾರ್ಸನ್ ದನಿಗೂಡಿಸಿದರು. ಕೊನೆಗೆ ಆಕೆ ಎದ್ದು ನಿಂತು ಇನ್ನೊಂದು ಹಾಡನ್ನು ಅವರಿಗಾಗಿಯೇ ಹಾಡಿದರು. ಮೂವತ್ತು ವರ್ಷ ಊರನ್ನೆಲ್ಲ ನಗಿಸಿದ ಮನುಷ್ಯ ಗಲ್ಲಕ್ಕೆ ಕೈಕೊಟ್ಟು ಕೇಳುತ್ತ ಕೂತರು. ಕಣ್ಣು ತುಂಬಿತ್ತು. ಮರುದಿನದ ಕಡೆಯ ಸಂಚಿಕೆಗೆ ಅತಿಥಿಗಳನ್ನೇ ಕರೆಯಲಿಲ್ಲ. ನೆನಪು ಹೇಳಿಕೊಂಡು, ಕೈಮುಗಿಯುವ ಹಾಗೆ ಜನರಿಗೆ ವಿದಾಯ ಹೇಳಿ ಹೊರಟರು.

ಆಮೇಲೆ ಟಿವಿಯಲ್ಲಿ ಅವರು ಕಾಣಿಸಿಕೊಂಡದ್ದು ತೀರ ಅಪರೂಪ. ಮನೆಯಲ್ಲಿ ಇರುತ್ತಿದ್ದರು. ಬೆಳಗ್ಗೆ ಪತ್ರಿಕೆ ಓದಿದಾಗ ಏನಾದರೂ ಜೋಕು ಹೊಳೆಯುತ್ತಿತ್ತು. ಹೇಳಲು ಸಭೆ ಇರಲಿಲ್ಲ. ಹಾಗಾಗಿ ಅವನ್ನು ಬರೆದು, ಇನ್ನೊಂದು ಚಾನೆಲ್ಲಿನಲ್ಲಿ ರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದ ಡೇವಿಡ್ ಲೆಟರ್‌ಮನ್‌ಗೆ ಕಳಿಸುತ್ತಿದ್ದರು. ಲಕೋಟೆ ಹಿಡಿದು ಪಾರ್ ಅವರನ್ನು ಹುಡುಕಿ ಹೋದ ಹುಡುಗ ಕ್ಯಾವೆಟ್ ನೆನಪಾಗುತ್ತಾನೆ ನನಗೆ.

2005ರ ಜನವರಿ 23ರಂದು ಕಾರ್ಸನ್ ತೀರಿಕೊಂಡರು. ಅದಾದ ಮೇಲೆ ಲೆಟರ್‌ಮನ್ ಮೊದಲ ಸಲ ವೇದಿಕೆಗೆ ಬಂದಾಗ ಎಂದಿನಂತೆ ಜೋಕುಗಳಿಂದ ಶುರು ಮಾಡಿದರು. ಒಂದಾದ ಮೇಲೊಂದು. ಸಭೆ ಎಂದಿನಂತೆ ನಕ್ಕಿತು. ಎಲ್ಲ ಮುಗಿಸಿ, ಹೋಗಿ ಮೇಜಿನ ಹಿಂದೆ ಕೂತಮೇಲೆ ಹೇಳಿದರು. ಈಗ ನೀವು ಕೇಳಿದ ಜೋಕುಗಳೆಲ್ಲ ಜಾನಿ ಬರೆದು ಕಳಿಸಿದ್ದವು.

ನಮಸ್ಕಾರ.