ಕಾರಿನ ಟಾಪ್ ಮೇಲೆ ತಾಮ್ರದ ಅಣಬೆ

ಎಲ್ರಿಗೂ ನಮಸ್ಕಾರ. ಕಾರಿನ ಟಾಪ್ ಮೇಲೆ ಹಿಂದ್ಗಡೆ ಮೀನಿನ ರೆಕ್ಕೆ ಥರ ಒಂದು ಪುಟ್ಟ ಡಬ್ಬಿ ಇರತ್ತಲ್ಲ, ಅದ್ರೊಳ್ಗೆ ರೇಡಿಯೋ, ಜಿಪಿಎಸ್, ಮೊಬೈಲ್ ಅಂತ ಒಂದಷ್ಟು ಆಂಟೆನಾಗಳು ಆಗ್ಲೇ ಒತ್ಕೊಂಡು ಕೂತಿರ್ತವೆ, ಈಗ ಕಾರು ಕಾರು ಮಾತಾಡೋದಕ್ಕೆ ಇನ್ನೊಂದಷ್ಟು ಬೇಕು ಅಂದ್ರೆ ಜಾಗ ಎಲ್ಲಿ? ಟಾಪ್ ಮೇಲೇ ಚಪ್ಪಟೆಯಾಗಿ ಅಂಟಿಸ್ಬಿಡೋಣ ಅನ್ಸತ್ತೆ.

ಈ ಮಾತುಕತೆ ನಡೆಯೋದು 5.9 ಗಿಗಾಹರ್ಟ್ಸ್ ಹತ್ರ, ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ನಾನಿಲ್ಲಿದೀನಿ, ಇಷ್ಟು ಸ್ಪೀಡಲ್ಲಿದೀನಿ ಅಂತ ಕಾರು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಹೇಳ್ತಿರತ್ತೆ. ಗಂಟೆಗೆ 100 ಕಿಲೋಮೀಟರ್ ಓಡ್ತಿದ್ರೆ ಎರಡು ಮೆಸೇಜ್ ಮಧ್ಯೆ 2.8 ಮೀಟರ್ ಮುಂದೆ ಹೋಗಿರತ್ತೆ, ಹಾಗಾಗಿ ನಾಲ್ಕೈದು ಮೆಸೇಜ್ ತಪ್ಪಿದ್ರೆ ತಮಾಷೆ ಅಲ್ಲ.

ತೊಂದ್ರೆ ಇರೋದು ತಗಡಲ್ಲಿ. ಆಂಟೆನಾನ ತಗಡಿನ ಮೇಲೆ ಮಲಗಿಸಿದ್ರೆ, ಕೆಳಗೆ ಹೋದ ಅಲೆ ಉಲ್ಟಾ ಆಗಿ ವಾಪಸ್ ಬಂದು ಮೇಲಕ್ಕೆ ಹೊರಟಿದ್ದನ್ನ ಅಳಿಸಿಹಾಕತ್ತೆ. ಉಯ್ಯಾಲೆ ನಿಮ್ಮ ಕಡೆ ಬರ್ತಿರೋವಾಗ್ಲೇ ತಳ್ಳಿದ್ರೆ ನಿಂತೋಗತ್ತಲ್ಲ, ಹಂಗೆ. ಕಾಲು ಅಲೆ, ಅಂದ್ರೆ ಒಂದೂಕಾಲು ಸೆಂಟಿಮೀಟರ್ ಎತ್ತರಿಸಿದ್ರೆ ಸರಿಹೋಗತ್ತೆ, ಆದ್ರೆ ಕಾರಿನ ಅಂದ ನೋಡ್ಕೊಳೋರು ಒಪ್ಪಬೇಕಲ್ಲ!

ಇದಕ್ಕೆ 1999ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೀವನ್‌ಪೈಪರ್ ಅನ್ನೋ ಸಂಶೋಧಕರು ಮತ್ತವರ ಜೊತೆಗಾರರು ಒಂದು ಉಪಾಯ ತೋರ್ಸಿದ್ರು. ಲೋಹದ ಹಾಳೆ ಮೇಲೆ ಸಾಲಾಗಿ ಪುಟ್ಟ ಅಣಬೆಗಳು, ಮೇಲೆ ಬಿಲ್ಲೆ, ಕೆಳಗೆ ಕಾಂಡ. ಬಿಲ್ಲೆಗಳ ನಡುವಿನ ಸಂದು ಕೆಪ್ಯಾಸಿಟರ್ ಥರ, ಕಾಂಡದಲ್ಲಿ ಸುತ್ತೋ ಕರೆಂಟು ಕಾಯಿಲ್ ಥರ, ಇವೆರಡೂ ನಮ್ಮ ಫ್ರೀಕ್ವೆನ್ಸಿಗೆ ಶ್ರುತಿಯಾದ್ರೆ ಅಲೆ ಉಲ್ಟಾ ಆಗ್ದೇ ವಾಪಸ್ ಬರತ್ತೆ, ಹಾಗಾಗಿ ಆಂಟೆನಾನ ಅದ್ರ ಮೇಲೆ ಹತ್ರದಲ್ಲೇ ಮಲಗಿಸ್ಬಹುದು. ಅಲೆನ ಬೇಕಾದಂಗೆ ಬಗ್ಗಿಸೋಕೆ ಪುಟ್ಟ ಆಕಾರಗಳನ್ನ ಸಾಲಾಗಿ ಜೋಡಿಸಿದ ಹಾಳೆಗೆ ಈಗ ನಾವು ಮೆಟಾಸರ್ಫೇಸ್ ಅಂತೀವಲ್ಲ, ಅದ್ರಲ್ಲಿ ಇದೂ ಒಂದು ಜಾತಿ. ಬಿಲ್ಲೆ ದೊಡ್ಡದು ಮಾಡಿದ್ರೆ, ಸಂದು ಕಮ್ಮಿ ಮಾಡಿದ್ರೆ ಶ್ರುತಿ ಇಳಿಯತ್ತೆ. ಪದರ ತೆಳ್ಳಗಾದಷ್ಟೂ ಕೆಲಸ ಮಾಡೋ ಬ್ಯಾಂಡ್, ಅಂದ್ರೆ ಫ್ರೀಕ್ವೆನ್ಸಿಗಳ ವ್ಯಾಪ್ತಿ, ಕಿರಿದಾಗತ್ತೆ, ಇದು ಮಾತ್ರ ಯಾರೂ ತಪ್ಪಿಸ್ಕೊಳಕ್ಕಾಗ್ದಿರೋ ಸುಂಕ.

ಆದ್ರೆ ನನ್ನ ತಕರಾರೇ ಬೇರೆ. ಚಪ್ಪಟೆ ಅರೇ (array), ಅಂದ್ರೆ ಒಟ್ಟಿಗೆ ಕೆಲಸ ಮಾಡೋ ಆಂಟೆನಾಗಳ ಸಾಲು, ಚೆನ್ನಾಗಿ ನೋಡೋದು ನೆಟ್ಟಗೆ ಮೇಲಕ್ಕೆ. ಸ್ಯಾಟಲೈಟ್‌ಗೆ ಅದು ಸರಿ, ಪಕ್ಕದ ಲಾರಿ ಆಕಾಶದಲ್ಲಿ ಓಡಲ್ವಲ್ಲ ಸ್ವಾಮಿ? ಅದು ಒಂದೇ ದಿಕ್ಕಿಗೆ ಕಳ್ಸೋ ಅಲೆಯ ಕಟ್ಟನ್ನ, ಅಂದ್ರೆ ಬೀಮ್‌ನ, ರಸ್ತೆ ಮಟ್ಟಕ್ಕೆ ಬಗ್ಗಿಸ್ತಾ ಹೋದ್ರೆ ಬಲ ಇಳಿಯತ್ತೆ, ಅದೂ ಅಲ್ದೆ ಆಂಟೆನಾಗಳ ಅಂತರ ಅರ್ಧ ಅಲೆ, ಎರಡೂವರೆ ಸೆಂಟಿಮೀಟರ್ ದಾಟಿದ್ರೆ ಬೇಡದ ಕಡೆ ಇನ್ನೊಂದು ಬೀಮ್ ಹುಟ್ಕೊಳತ್ತೆ, ಹತ್ರ ತಂದ್ರೆ ಒಂದ್ರ ಮಾತು ಇನ್ನೊಂದಕ್ಕೆ ಕೇಳ್ಸಿ ಗಲಾಟೆ. ಹಾಳೆ ಮೇಲೆ ಅಕ್ಕಪಕ್ಕ ತೆವಳ್ಕೊಂಡು ಆ ಗಲಾಟೆ ಹೊತ್ತೊಯ್ಯೋ ಅಲೆನ ಅಣಬೆ ಸಾಲು ತಡೆಯತ್ತೆ ಅನ್ನೋದೇ ನಂಗೆ ಇದ್ರಲ್ಲಿ ಹೆಚ್ಚು ಇಷ್ಟವಾದ ಗುಣ.

ಕಂಪ್ಯೂಟರಲ್ಲಿ ಒಂದೇ ಒಂದು ಅಣಬೆ ಬಿಡಿಸಿ, ಇದೇ ಥರ ಕೊನೆಯಿಲ್ದಂಗೆ ಇದೆ ಅಂತ ಅಂದ್ಕೊಂಡು ಲೆಕ್ಕ ಹಾಕ್ತೀವಿ. ನಿಜವಾದ ಟಾಪ್‌ಗೆ ಅಂಚಿದೆ, ಉಬ್ಬಿದೆ. ಅದಕ್ಕೇ ಗುಜರಿಯಿಂದ ಒಂದು ಹಳೇ ಕಾರಿನ ಟಾಪ್ ಕತ್ತರಿಸ್ಕೊಂಡು ತಂದು ಅದ್ರ ಮೇಲೆ ಅಳೆದ್ವಿ, ಲೆಕ್ಕದಲ್ಲಿ ನುಣ್ಣಗಿದ್ದ ಗ್ರಾಫಿನ ಗೆರೆ ಅಲ್ಲಿ ಗುಂಡಿ ಬಿದ್ದ ರಸ್ತೆ ಥರ ಬಂತು. ಮುಂದಿನ ವಾರ ನೀರು ಚಿಮುಕಿಸಿ ಇನ್ನೊಂದ್ಸಲ ಅಳೀತೀವಿ, ಮಳೇಲೂ ಓಡಬೇಕಾದ ಕಾರಲ್ವಾ. ನಮಸ್ಕಾರ.