ರಕ್ತಬೋಳದ ಎಣ್ಣೆ: ಕಹಿಯಲ್ಲೇ ಇದೆ ಕಂಪು

ಕೇಳುಗರೇ, ನಮಸ್ಕಾರ. ಇವತ್ತು ರಕ್ತಬೋಳದ, ಅಂದರೆ ಇಂಗ್ಲಿಷಿನಲ್ಲಿ ಮಿರ್ ಅನ್ನುವ ಗಿಡದ ಅಂಟಿನ, ಎಣ್ಣೆಯ ಬಗ್ಗೆ ಮಾತಾಡೋಣ. ಬಾಟಲಿ ಮುಚ್ಚಳ ತೆಗೆದು ಮೂಗಿಗೆ ಹಿಡಿದ ಕೂಡಲೇ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ, ಔಷಧಿ ವಾಸನೆ ಅಂತಾರೆ. ಮೊದಲು ಬರುವುದು ಅದೇ, ನಿಜ. ಕಹಿ ವಾಸನೆ, ಜೊತೆಗೆ ಸ್ವಲ್ಪ ಅಣಬೆಯ ಘಾಟು. ಅಷ್ಟಕ್ಕೇ ಮುಚ್ಚಿಡಬೇಡಿ.

ಕಾಗದದ ಪಟ್ಟಿಯ ತುದಿಗೆ ಒಂದೇ ಹನಿ ಹಾಕಿ, ಸುಮ್ನೆ ಒಂದು ಗಂಟೆ ಬಿಟ್ಟುಬಿಡಿ. ಆಮೇಲೆ ಮೂಸಿ ನೋಡಿದರೆ ಘಾಟು ಇಳಿದು, ಬೆಚ್ಚಗಿನ, ಗಾಢವಾದ, ತುಸು ಜ್ಯೇಷ್ಠಮಧುವಿನ ಛಾಯೆಯ ಒಂದು ಕಂಪು ಉಳಿದಿರುತ್ತದೆ, ಮರುದಿನವೂ ಅದು ಪೂರ್ತಿ ಹೋಗಿರುವುದಿಲ್ಲ. ನಿಂಬೆ ಎಣ್ಣೆ ಅಷ್ಟು ಹೊತ್ತು ನಿಲ್ಲಲ್ಲ, ಅಲ್ವಾ? ಅದರಲ್ಲಿರುವ ಲಿಮೊನೀನ್ ಅಣುವಿನಲ್ಲಿ 10 ಇಂಗಾಲದ ಪರಮಾಣುಗಳಿವೆ. ರಕ್ತಬೋಳದ ವಾಸನೆಗೆ ಮುಖ್ಯವಾದ ಫ್ಯೂರಾನೋಯೂಡೆಸ್ಮಡೈಈನ್, ಕರ್ಜರೀನ್ ಅಣುಗಳಲ್ಲಿ 15. ಭಾರ ಜಾಸ್ತಿ, ಹಾಗಾಗಿ ನಿಧಾನವಾಗಿ ಆರುತ್ತವೆ.

ಸುಗಂಧ ತಯಾರಿಸುವವರಿಗೆ ಬೇಕಾಗಿರುವುದೂ ಇದೇ ನಿಧಾನ. ಇದನ್ನು ತಳದ ವಾಸನೆಯಾಗಿ ಇಟ್ಟು, ಮೇಲೆ ಗುಲಾಬಿ, ಲವಂಗ, ಶ್ರೀಗಂಧ, ಪಚೌಲಿ ಸೇರಿಸುತ್ತಾರೆ. ಗುಲಾಬಿಯ ಜೊತೆ ಇದು ಬಹಳ ಚೆನ್ನಾಗಿ ಹೊಂದುತ್ತದೆ ಅನ್ನೋದು ನನ್ನ ಅಭಿಪ್ರಾಯ. ಬರೀ ಗುಲಾಬಿ ಅತಿ ಸಿಹಿ ಅನ್ನಿಸುವ ಕಡೆ ಈ ಕಹಿ ಅದಕ್ಕೊಂದು ತೂಕ ಕೊಡುತ್ತದೆ. ಹಾಕುವಾಗ ಮಾತ್ರ ಕೈ ಬಿಗಿ ಇರಲಿ. ಒಂದು ಹನಿ ಜಾಸ್ತಿಯಾದರೂ ಉಳಿದದ್ದೆಲ್ಲ ಮುಳುಗಿಹೋಗುತ್ತದೆ.

ಸೊಮಾಲಿಯಾ, ಇಥಿಯೋಪಿಯಾ, ಯೆಮನ್ ಕಡೆಯ ಒಣಭೂಮಿಯಲ್ಲಿ ಬೆಳೆಯುವ ಮುಳ್ಳುಗಿಡ ಇದು. ನಮ್ಮ ಗುಗ್ಗುಳವೂ ಇದೇ ಕುಲದ್ದು. ತೊಗಟೆ ಗಾಯವಾದಾಗ ಅಂಟು ಒಸರುತ್ತದೆ, ಗಾಳಿಗೆ ಗಟ್ಟಿಯಾಗಿ ಕೆಂಪು ಕಂದು ಹರಳಾಗುತ್ತದೆ. ಆ ಹರಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಎಣ್ಣೆ. ದ್ರಾವಕದಲ್ಲಿ ಕರಗಿಸಿ ತೆಗೆದರೆ ರೆಸಿನಾಯ್ಡ್, ಅದು ಇನ್ನೂ ಮಂದ. ಓಪೊಪೊನಾಕ್ಸ್ ಅಂತ ಸಿಗುವುದು ಇದರ ಹತ್ತಿರದ ಇನ್ನೊಂದು ಜಾತಿಯ ಗಿಡದ್ದು. ಅದರ ಪರಿಮಳ ಹೆಚ್ಚು ಸಿಹಿ, ಹಾಗಾಗಿ ಕೊಳ್ಳುವಾಗ ಹೆಸರು ಸರಿಯಾಗಿ ಓದಿ.

ಪ್ರಾಚೀನ ಈಜಿಪ್ಟಿನವರು ದೇವಸ್ಥಾನದಲ್ಲಿ ಹಾಕುತ್ತಿದ್ದ ಕೈಫಿ ಎಂಬ ಧೂಪದಲ್ಲೂ ರಕ್ತಬೋಳ ಇತ್ತು.

ಎಣ್ಣೆಯನ್ನು ನೇರವಾಗಿ ಮೈಗೆ ಹಚ್ಚಬೇಡಿ, ಬೇರೆ ಎಣ್ಣೆಯಲ್ಲಿ ಚೆನ್ನಾಗಿ ತೆಳುಮಾಡಿಕೊಳ್ಳಿ. ಗರ್ಭಿಣಿಯರು ಬಳಸದಿರುವುದೇ ಒಳ್ಳೆಯದು. ಗಾಳಿ ತಾಗಿದರೆ ಇದು ಮಂದವಾಗುತ್ತಾ ಹೋಗಿ ಮುಚ್ಚಳಕ್ಕೇ ಅಂಟಿಕೊಳ್ಳುತ್ತದೆ. ಪ್ರತಿ ಸಲ ಬಾಟಲಿಯ ಬಾಯಿ ಒರೆಸಿ, ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ನಮಸ್ಕಾರ.